ಕಾಯುವ ನಾಯಿ ಕಾಡತೊಡಗಿದಾಗ

ತುಮಕೂರಿನಿಂದ ಅರಸೀಕೆರೆಯತ್ತ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಗುಬ್ಬಿ ದಾಟಿದ ಮೇಲೆ ಕಾಣುವುದು ತೆಂಗು, ತೆಂಗು, ಮತ್ತೆ ತೆಂಗು. ಅಮ್ಮಸಂದ್ರದಲ್ಲಿ ಇಳಿದು ಯಾವ ಹಾದಿ ಹಿಡಿದರೂ ಅಷ್ಟೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬದುಕು ನಿಂತಿರುವುದೇ ಈ ಮರದ ಮೇಲೆ. ಇಲ್ಲಿನ ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಎರಡನ್ನು ಕಾಣಬಹುದು. ಒಂದು, ಕಾಯಿ ತುಂಬಿದ ಅಟ್ಟ. ಇನ್ನೊಂದು, ಆ ಅಟ್ಟವನ್ನು ಕಾಯುವ ನಾಯಿ.

ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಅಂದರೆ ಮನೆಯವರ ಒಂದು ವರ್ಷದ ದುಡಿಮೆ ಅವರ ತಲೆಯ ಮೇಲೆಯೇ ಇರುತ್ತದೆ. ಊರಿನಿಂದ ದೂರ, ತೋಟದ ನಡುವೆ ಒಂಟಿ ಮನೆ. ಕಳ್ಳರ ಭಯ, ಚಿರತೆಯ ಭಯ. ನಾಯಿ ಸಾಕದೆ ಆದೀತೆ? ಹಾಗೆ ಸಾಕಿದ ನಾಯಿ ರಾತ್ರಿ ಎಲೆ ಅಲುಗಿದರೂ ಎದ್ದು ಬೊಗಳಿದರೆ ಮನೆಯವರಿಗೆ ಹೆಮ್ಮೆ.

ತೊಂದರೆ ಶುರುವಾಗುವುದು ಅದೇ ನಾಯಿ ಹಗಲಿನಲ್ಲೂ ಹಾಗೆಯೇ ನಡೆದುಕೊಂಡಾಗ. ತೋಟದ ಮನೆಗೆ ಬರುವವರೇನು ಕಡಿಮೆಯೆ? ಕಾಯಿ ಕೀಳುವವರು, ಸುಲಿಯುವವರು, ಕೊಬ್ಬರಿ ಒಡೆಯುವವರು, ವ್ಯಾಪಾರಿ, ಅಂಚೆಯವರು, ಕರೆಂಟಿನ ಲೈನ್‌ಮನ್, ಮಗಳ ಜೊತೆ ಓದಲು ಬರುವ ಗೆಳತಿ. ಇವರೆಲ್ಲರ ಮೇಲೂ ನಾಯಿ ಹಾರಿದರೆ? ಕಾಯಿ ಕೀಳುವವರು 'ಆ ತೋಟವಾ, ಬೇಡಪ್ಪ' ಎನ್ನುತ್ತಾರೆ. ಮಕ್ಕಳ ಸ್ನೇಹಿತರು ಬರುವುದನ್ನು ಬಿಡುತ್ತಾರೆ. ಒಂದು ದಿನ ಯಾರಿಗೋ ಕಚ್ಚಿಯೇ ಬಿಡುತ್ತದೆ.

ಆಗ ಮನೆಯವರಿಗೆ ಹೊಳೆಯುವ ದಾರಿಗಳು ಸಾಮಾನ್ಯವಾಗಿ ಮೂರು. ಸರಪಳಿಯಲ್ಲಿ ಕಟ್ಟಿಹಾಕುವುದು, ದೊಣ್ಣೆಯಲ್ಲಿ ಬಾರಿಸುವುದು, ಇಲ್ಲವೇ ರಾತ್ರೋರಾತ್ರಿ ಗಾಡಿಯಲ್ಲಿ ಹಾಕಿಕೊಂಡು ಹೋಗಿ ದೂರದ ಊರಿನಲ್ಲಿ ಬಿಟ್ಟು ಬರುವುದು. ಮೊದಲ ಎರಡರಿಂದ ನಾಯಿ ಇನ್ನಷ್ಟು ಕೆಡುತ್ತದೆ. ಮೂರನೆಯದು ನಮ್ಮ ಮನೆಯ ಅಪಾಯವನ್ನು ಇನ್ನೊಬ್ಬರ ಮಕ್ಕಳ ದಾರಿಗೆ ಒಯ್ದು ಬಿಟ್ಟಂತೆ. ನಾಲ್ಕನೆಯ ದಾರಿ ಒಂದಿದೆ. ಅದು ತರಬೇತಿ. 'ನಾಯಿ ಬಾಲ ಡೊಂಕು' ಎಂದು ಕೈಚೆಲ್ಲುವ ಮೊದಲು ಆ ದಾರಿ ಎಂಥದೆಂದು ನೋಡೋಣ. ಬಾಲದ ಡೊಂಕು ಹುಟ್ಟಿನಿಂದ ಬಂದದ್ದು, ನಿಜ. ಆದರೆ ನಡವಳಿಕೆಯ ಡೊಂಕಿನಲ್ಲಿ ಹುಟ್ಟಿನ ಜೊತೆಗೆ ಕಲಿಕೆಯ ಪಾಲೂ ದೊಡ್ಡದು. ಕಲಿತದ್ದನ್ನು ಬೇರೆ ರೀತಿಯಲ್ಲಿ ಕಲಿಸಲೂ ಬಹುದು.

ಕಾಳಿಯ ಕಲ್ಲು

ಕನ್ನಡ ನಾಡಿನಲ್ಲಿ ನಾಯಿಯ ಶೌರ್ಯಕ್ಕೆ ಕಲ್ಲು ನೆಟ್ಟ ಇತಿಹಾಸವಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. ೯೪೯–೫೦ರ ಕಾಲದ್ದು. ಗಂಗರ ದೊರೆ ಬೂತುಗನ ಬಂಟ ಮಣಲೇರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ. ಒಡೆಯ ಮೆಚ್ಚಿ ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಹೊನ್ನನ್ನಲ್ಲ, ಊರನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಹೋರಾಡಿದ್ದು ಹಂದಿಯ ಮೇಲೆ, ದಾರಿಹೋಕರ ಮೇಲಲ್ಲ ಎಂಬುದನ್ನು ಗಮನಿಸಬೇಕು. ಬೇಟೆನಾಯಿಗಾಗಲಿ, ಪೊಲೀಸ್ ನಾಯಿಗಾಗಲಿ ಯಾರ ಮೇಲೆ ಬೀಳಬೇಕು, ಯಾವಾಗ ಬಿಡಬೇಕು ಎಂಬುದು ಗೊತ್ತಿರಬೇಕು. ಹಿಡಿ ಎಂದಾಗ ಹಿಡಿದು, ಬಿಡು ಎಂದಾಗ ಬಿಡದ ನಾಯಿ ಯಾವ ಪೊಲೀಸ್ ದಳಕ್ಕೂ ಬೇಡ. ಧೈರ್ಯವೇ ಬೇರೆ, ಹತೋಟಿ ತಪ್ಪಿದ ಕೋಪವೇ ಬೇರೆ.

ಕೋಪವಲ್ಲ, ಭಯ

ಅಪರಿಚಿತರನ್ನು ಕಂಡು ಹಲ್ಲು ಕಿಸಿಯುವ ನಾಯಿಯನ್ನು ನೋಡಿದವರು 'ಎಷ್ಟು ಧೈರ್ಯ!' ಎನ್ನುತ್ತಾರೆ. ಪ್ರಾಣಿ ನಡವಳಿಕೆಯನ್ನು ಅಭ್ಯಾಸ ಮಾಡಿದವರು ಹೇಳುವುದು ಬೇರೆ. ಹೀಗೆ ಎಗರುವ ಸಾಕುನಾಯಿಗಳಲ್ಲಿ ಬಹಳಷ್ಟು ಭಯಪಟ್ಟ ನಾಯಿಗಳು. 'ನೀನು ಹತ್ತಿರ ಬರಬೇಡ' ಎಂಬುದೇ ಆ ಬೊಗಳಿಕೆಯ ಅರ್ಥ.

ಭಯವಲ್ಲದೆ ಬೇರೆ ಕಾರಣಗಳೂ ಇವೆ. ತನ್ನ ಅಂಗಳ, ತನ್ನ ತಟ್ಟೆ, ತನ್ನ ಮನುಷ್ಯರು ಎಂಬ ಒಡೆತನದ ಭಾವ ಒಂದು. ಮರಿ ಹಾಕಿದ ತಾಯಿಯ ಕಾವಲು ಇನ್ನೊಂದು. ನೋವು ಮತ್ತೊಂದು. ಕಿವಿಯಲ್ಲಿ ಕೀವು, ಸೊಂಟದ ಕೀಲುನೋವು, ಹಲ್ಲಿನ ಹುಣ್ಣು ಇದ್ದ ನಾಯಿಯನ್ನು ಮುಟ್ಟಲು ಹೋದರೆ ಅದು ಬಾಯಿ ಹಾಕುವುದು ಸಹಜ. ಆದ್ದರಿಂದ ನಿನ್ನೆಯವರೆಗೆ ಸಾಧುವಾಗಿದ್ದ ನಾಯಿ ಇಂದು ಸಿಡುಕತೊಡಗಿದರೆ ಮೊದಲು ನೆನಪಾಗಬೇಕಾದವರು ಪಶುವೈದ್ಯರು, ತರಬೇತುದಾರರು ಆಮೇಲೆ. ಹಾಗೆ ಏಕಾಏಕಿ ಬದಲಾದ ನಾಯಿ ಜೊಲ್ಲು ಸುರಿಸುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ಅದರ ದನಿ ಬದಲಾಗಿದ್ದರೆ ಹತ್ತಿರ ಹೋಗಲೇಬಾರದು. ಅದು ರೇಬೀಸ್ ಇರಬಹುದು.

ಅಂಚೆಯವರನ್ನು ಕಂಡರೇಕೆ ಅಷ್ಟು ಸಿಟ್ಟು?

ಅಂಚೆಯವರು ಗೇಟಿನ ಬಳಿ ಬರುತ್ತಾರೆ. ನಾಯಿ ಬೊಗಳುತ್ತದೆ. ಅವರು ಕಾಗದ ಕೊಟ್ಟು ಹೊರಟುಹೋಗುತ್ತಾರೆ. ಅವರು ಹೋದದ್ದು ಕೆಲಸ ಮುಗಿಯಿತೆಂದು. ಆದರೆ ನಾಯಿ ಕಂಡದ್ದೇನು? 'ನಾನು ಬೊಗಳಿದೆ, ಅವನು ಹೋದ.' ಮರುದಿನವೂ ಅದೇ. ಹೀಗೆ ನೂರು ದಿನ ನಡೆದರೆ ನೂರು ಗೆಲುವು. ನೂರ ಒಂದನೆಯ ದಿನ ಅದು ಬೊಗಳುವುದನ್ನು ಬಿಡುತ್ತದೆಯೆ?

ಇದನ್ನು ಮೊದಲು ಪ್ರಯೋಗದಿಂದ ವಿವರಿಸಿದವರಲ್ಲಿ ಒಬ್ಬರು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್. ೧೮೯೮ರಲ್ಲಿ ಅವರು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಬಾಗಿಲು ತೆರೆಯುವ ಉಪಾಯವನ್ನು ಹೇಗೆ ಕಲಿಯುತ್ತವೆಂದು ಅಳೆದು ನೋಡಿದರು. ಯಾವ ಕೆಲಸದಿಂದ ಹಿತವಾದ ಫಲ ಸಿಗುತ್ತದೋ ಆ ಕೆಲಸ ಮತ್ತೆ ಮತ್ತೆ ನಡೆಯುತ್ತದೆ. ಇದು ಅವರು ಹೇಳಿದ ಪರಿಣಾಮ ನಿಯಮ. ಮುಂದೆ ಬಿ.ಎಫ್. ಸ್ಕಿನ್ನರ್ ಇದನ್ನೇ ವಿಸ್ತರಿಸಿದರು. ಫಲವೆಂದರೆ ತಿಂಡಿಯೇ ಆಗಬೇಕಿಲ್ಲ. ಬೇಡವಾದದ್ದು ದೂರವಾಗುವುದೂ ಒಂದು ಫಲವೇ. ಭಯಪಟ್ಟ ನಾಯಿಗೆ ಅಪರಿಚಿತರು ಹಿಂದೆ ಸರಿಯುವುದಕ್ಕಿಂತ ದೊಡ್ಡ ಬಹುಮಾನ ಯಾವುದು? ಅಂದರೆ ನಾಯಿಗೆ ಪಾಠ ದಿನವೂ ನಡೆದೇ ಇರುತ್ತದೆ. ಮನೆಯವರು ಕಲಿಸದಿದ್ದರೆ ಗೇಟೇ ಕಲಿಸುತ್ತದೆ.

ಇದಕ್ಕೆ ಮನೆಯವರ ಪಾಲೂ ಸೇರುವುದುಂಟು. ಮರಿಯಾಗಿದ್ದಾಗ ಬಂದವರ ಕಾಲಿಗೆ ಎಗರಿದರೆ 'ಶಹಬ್ಬಾಸ್!' ಎಂದು ಬೆನ್ನು ತಟ್ಟುತ್ತಾರೆ. ದಾರಿಹೋಕರ ಮೇಲೆ 'ಛೂ' ಬಿಟ್ಟು ಹುಡುಗರು ನಗುತ್ತಾರೆ. ಎರಡು ವರ್ಷ ಕಳೆದ ಮೇಲೆ ಅದೇ ಕೆಲಸಕ್ಕೆ ಅದೇ ನಾಯಿಗೆ ದೊಣ್ಣೆಯ ಏಟು. ಪಾಠ ಮಾಡಿದವರೇ ಪರೀಕ್ಷೆಯ ದಿನ ಉತ್ತರ ತಪ್ಪೆಂದರೆ ಪಾಪ, ಅದೇನು ಮಾಡೀತು?

ಮೂರು ವಾರದಿಂದ ಮೂರು ತಿಂಗಳು

ನಾಯಿಮರಿ ಲೋಕವನ್ನು ಪರಿಚಯ ಮಾಡಿಕೊಳ್ಳುವ ವಯಸ್ಸೊಂದಿದೆ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಹಲವಾರು ವರ್ಷ ಮರಿಗಳನ್ನು ಸಾಕಿ ನೋಡಿ ೧೯೬೫ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಏನನ್ನು ಕಾಣುತ್ತದೋ, ಯಾರೊಡನೆ ಆಡುತ್ತದೋ ಅವರೆಲ್ಲ ಅದರ ಲೆಕ್ಕದಲ್ಲಿ ನಮ್ಮವರು. ೧೯೬೧ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆಲವು ಮರಿಗಳನ್ನು ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆಸಲಾಯಿತು. ಆಮೇಲೆ ಎಷ್ಟು ಪ್ರಯತ್ನಿಸಿದರೂ ಅವು ಕಾಡುಪ್ರಾಣಿಗಳಂತೆ ಬೆದರುತ್ತಲೇ ಇದ್ದವು.

ತೋಟದ ಮನೆಯ ಮರಿಗೆ ಆಗುವುದೂ ಹೆಚ್ಚು ಕಡಿಮೆ ಇದೇ. ಅದು ಕಾಣುವುದು ಮನೆಯ ನಾಲ್ಕೈದು ಮುಖಗಳನ್ನು, ದನಗಳನ್ನು, ತೆಂಗಿನ ಮರಗಳನ್ನು. ಟೋಪಿ ಹಾಕಿದವರು, ಕೋಲೂರಿ ನಡೆಯುವ ಅಜ್ಜ, ಹೆಲ್ಮೆಟ್ಟಿನವರು, ಓಡಿ ಆಡುವ ಪುಟ್ಟ ಮಕ್ಕಳು ಅದರ ಕಣ್ಣಿಗೆ ಬಿದ್ದಿರುವುದಿಲ್ಲ. ದೊಡ್ಡದಾದ ಮೇಲೆ ಇವರೆಲ್ಲ ಅದಕ್ಕೆ ಶತ್ರುಗಳಂತೆ ಕಾಣುತ್ತಾರೆ. ಹೊಸದಾಗಿ ಮರಿ ತರುವವರು ಇದನ್ನು ನೆನಪಿಡಬೇಕು. ಬೀದಿನಾಯಿಗಳಿಂದ ಸೋಂಕು ತಗಲದಂತೆ ಕೈಯಲ್ಲಿ ಎತ್ತಿಕೊಂಡಾದರೂ ಸರಿ, ಆ ವಯಸ್ಸಿನಲ್ಲಿ ವಾರಕ್ಕೆ ಹಲವಾರು ಹೊಸ ಮುಖಗಳನ್ನು ಅದಕ್ಕೆ ತೋರಿಸಬೇಕು. ಅದು ಭಯಪಡದಂತೆ ತೋರಿಸಬೇಕು.

ಸರಪಳಿ ಮತ್ತು ದೊಣ್ಣೆ

ಕಟ್ಟಿಹಾಕಿದ ನಾಯಿಗೆ ಭಯವಾದಾಗ ಓಡುವ ದಾರಿ ಇಲ್ಲ. ಓಡಲಾಗದ ಪ್ರಾಣಿಗೆ ಉಳಿಯುವುದು ಕಾದಾಡುವ ದಾರಿ ಒಂದೇ. ಮೇಲಾಗಿ ಹಗಲೆಲ್ಲ ಕಂಬಕ್ಕೆ ಕಟ್ಟಿಸಿಕೊಂಡು, ಹೋಗಿ ಬರುವವರತ್ತ ಎಗರಿ ಎಗರಿ ಕುತ್ತಿಗೆ ನೋಯಿಸಿಕೊಂಡ ನಾಯಿ 'ಜನ ಕಂಡರೆ ಕುತ್ತಿಗೆ ನೋವು' ಎಂಬ ಪಾಠವನ್ನು ಕಲಿಯುತ್ತದೆ. ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ೧೧ನೆಯ ಕಲಮಿನ ಪ್ರಕಾರ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅಪರಾಧ. ಸಕಾರಣವಿಲ್ಲದೆ ತೊರೆದು ಬರುವುದೂ ಅಷ್ಟೆ.

ದೊಣ್ಣೆಯ ಪರವಾಗಿ ಒಂದು ವಾದ ಬಹುಕಾಲದಿಂದ ನಡೆದುಬಂದಿದೆ. 'ನಾಯಿ ತೋಳದ ವಂಶ. ಗುಂಪಿಗೆ ಒಬ್ಬ ಯಜಮಾನ ಇರಬೇಕು. ಅದನ್ನು ನೆಲಕ್ಕೆ ಒತ್ತಿ ಹಿಡಿದು ಯಜಮಾನ ಯಾರೆಂದು ತೋರಿಸಬೇಕು' ಎಂಬುದು ಆ ವಾದ. ಇದರ ಮೂಲ ರುಡಾಲ್ಫ್ ಶೆಂಕೆಲ್ ೧೯೪೭ರಲ್ಲಿ ಪ್ರಕಟಿಸಿದ, ಮೃಗಾಲಯದ ತೋಳಗಳ ಅಧ್ಯಯನ. ಎಲ್ಲೆಲ್ಲಿಂದಲೋ ತಂದು ಒಂದೆಡೆ ಕೂಡಿಹಾಕಿದ ತೋಳಗಳು ಕಚ್ಚಾಡಿದವು. ಇದರಲ್ಲಿ ಆಶ್ಚರ್ಯವೇನು? ಕಾಡಿನ ತೋಳಗಳನ್ನು ಬಹುಕಾಲ ಹಿಂಬಾಲಿಸಿದ ಡೇವಿಡ್ ಮೆಕ್ ೧೯೯೯ರಲ್ಲಿ ಬರೆದದ್ದು ಬೇರೆಯೇ. ಕಾಡಿನಲ್ಲಿ ತೋಳದ ಗುಂಪೆಂದರೆ ಸಾಮಾನ್ಯವಾಗಿ ಒಂದು ಸಂಸಾರ; ಅಪ್ಪ, ಅಮ್ಮ, ಅವುಗಳ ಮಕ್ಕಳು. ಮೆಕ್ ತಮ್ಮದೇ ೧೯೭೦ರ ಪುಸ್ತಕದ ವಿವರಣೆಯನ್ನು ಹೀಗೆ ತಿದ್ದಿದರು.

೨೦೦೯ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಾಯಿ ಸಾಕಿದವರನ್ನು ವಿಚಾರಿಸಿ ಒಂದು ವರದಿ ಪ್ರಕಟಿಸಿದರು. ಬೇಡವಾದ ವರ್ತನೆಗಾಗಿ ನಾಯಿಯನ್ನು ಹೊಡೆದವರು ಅಥವಾ ಒದ್ದವರಲ್ಲಿ ನೂರಕ್ಕೆ ೪೩ ಮಂದಿ, ಅದರಿಂದ ನಾಯಿ ತಿರುಗಿಬಿದ್ದಿತೆಂದು ಹೇಳಿದ್ದರು. ಏಟು ಭಯವನ್ನು ಕಡಿಮೆ ಮಾಡುವುದಿಲ್ಲ. ಅಪರಿಚಿತರು ಬಂದಾಗಲೆಲ್ಲ ಏಟು ಬಿದ್ದರೆ, ಅಪರಿಚಿತರು ಬಂದರೆ ಕೆಟ್ಟದ್ದಾಗುತ್ತದೆ ಎಂಬ ನಾಯಿಯ ಅನುಮಾನವೇ ನಿಜವಾದಂತಾಯಿತು.

ಏಟಿನಿಂದ ಇನ್ನೊಂದು ಅಪಾಯವಿದೆ. ಕಚ್ಚುವ ಮೊದಲು ನಾಯಿ ಹಲವು ಸೂಚನೆಗಳನ್ನು ಕೊಡುತ್ತದೆ. ನಿದ್ದೆ ಇಲ್ಲದೆಯೂ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಮುಖ ಆಚೆ ತಿರುಗಿಸಿ ಕಡೆಗಣ್ಣಿನಲ್ಲಿ ನೋಡುತ್ತದೆ. ಆಗ ಕಣ್ಣಿನ ಬಿಳಿ ಕಾಣುತ್ತದೆ. ಮೈ ಮರಗಟ್ಟುತ್ತದೆ. ಕೊನೆಗೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡಬಹುದು, ಕಚ್ಚುವುದನ್ನಲ್ಲ. ಆಗ ಮುನ್ಸೂಚನೆಯೇ ಇಲ್ಲದೆ ಕಚ್ಚುವ ನಾಯಿ ತಯಾರಾಯಿತು. ಇನ್ನು ಬಾಲ ಅಲ್ಲಾಡಿಸಿದರೆ ಸ್ನೇಹ ಎಂಬುದೂ ಎಲ್ಲ ಸಮಯಕ್ಕೂ ನಿಜವಲ್ಲ. ಮೈ ಬಿಗಿಹಿಡಿದು, ಬಾಲವನ್ನು ಎತ್ತರಿಸಿ, ಸಣ್ಣಗೆ ನಡುಗಿಸುವ ನಾಯಿ ಎಚ್ಚರಿಕೆ ಕೊಡುತ್ತಿದೆ. 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆಯನ್ನು ನಂಬಿ ಗೇಟು ತೆರೆದವರು ಕಚ್ಚಿಸಿಕೊಂಡದ್ದುಂಟು. ಮಕ್ಕಳಿಗೆ ಈ ಗಾದೆಗಿಂತ ಈ ಸೂಚನೆಗಳನ್ನು ಕಲಿಸುವುದು ಕ್ಷೇಮ.

ಪೀಟರ್ ಮತ್ತು ಮೊಲ

ಹಾಗಾದರೆ ಭಯವನ್ನು ತೆಗೆಯುವುದು ಹೇಗೆ? ಉತ್ತರ ಹುಡುಕಲು ರಷ್ಯಾದ ಇವಾನ್ ಪಾವ್ಲೋವ್ ಅವರ ಬಳಿಗೆ ಹೋಗಬೇಕು. ಜೀರ್ಣಕ್ರಿಯೆಯ ಸಂಶೋಧನೆಗೆ ೧೯೦೪ರಲ್ಲಿ ನೊಬೆಲ್ ಪಡೆದ ಅವರು, ನಾಯಿಗಳಿಗೆ ಊಟ ತೋರಿಸುವ ಮುನ್ನವೇ ಜೊಲ್ಲು ಸುರಿಯುವುದನ್ನು ಗಮನಿಸಿದರು. ಊಟಕ್ಕೆ ಸ್ವಲ್ಪ ಮೊದಲು ಒಂದು ಸದ್ದು ಕೇಳಿಸಿ, ಆಮೇಲೆ ಊಟ ಕೊಡುತ್ತ ಹೋದರೆ ಕೆಲವು ದಿನಗಳಲ್ಲಿ ಸದ್ದು ಕೇಳಿದರೇ ಜೊಲ್ಲು. ಅರ್ಥವೇ ಇಲ್ಲದ ಸದ್ದಿಗೆ ಊಟದ ಅರ್ಥ ಬಂತು. ಶಿಕ್ಷಣಶಾಸ್ತ್ರದ ಪುಸ್ತಕಗಳು ಇದನ್ನು ಅನುಬಂಧನ ಎನ್ನುತ್ತವೆ.

ಅರ್ಥವಿಲ್ಲದ್ದಕ್ಕೆ ಒಳ್ಳೆಯ ಅರ್ಥ ಕೊಡಬಹುದಾದರೆ, ಕೆಟ್ಟ ಅರ್ಥವಿದ್ದದ್ದನ್ನು ಒಳ್ಳೆಯದಾಗಿಸಬಹುದೆ? ೧೯೨೪ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಇದನ್ನು ಮಾಡಿ ತೋರಿಸಿದರು. ಅದೂ ನಾಯಿಯ ಮೇಲಲ್ಲ, ಮಗುವಿನ ಮೇಲೆ. ಮೂರು ವರ್ಷ ತುಂಬದ ಪೀಟರ್ ಎಂಬ ಹುಡುಗನಿಗೆ ಮೊಲವೆಂದರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಪಂಜರದಲ್ಲಿಟ್ಟು ದೂರದಲ್ಲಿ ತೋರಿಸಿದರು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡತೊಡಗಿದ. ಇಂದು ನಾಯಿಗಳ ಭಯ ತೆಗೆಯುವ ತರಬೇತಿ ನಡೆಯುವುದೂ ಇದೇ ತತ್ವದ ಮೇಲೆ.

ಅಭ್ಯಾಸದ ಕ್ರಮ

ಮೊದಲ ಕೆಲಸ, ಹೊಸ ಅಪಘಾತ ಆಗದಂತೆ ನೋಡಿಕೊಳ್ಳುವುದು. ಕಾಯಿ ಕೀಳುವ ದಿನ ನಾಯಿ ಬಾಗಿಲು ಭದ್ರವಾದ ಕೋಣೆಯಲ್ಲಿರಲಿ. ಗೇಟಿಗೆ ಚಿಲಕ, ಹೊರಗೆ 'ನಾಯಿ ಇದೆ, ಕೂಗಿ' ಎಂಬ ಫಲಕ ಇರಲಿ. ಬೊಗಳಿ ಗೆಲ್ಲುವ ಅವಕಾಶ ಎಷ್ಟು ಕಡಿಮೆಯಾಗುತ್ತದೋ ಅಷ್ಟು ಒಳ್ಳೆಯದು.

ಎರಡನೆಯದು ಬಾಯಿಕುಕ್ಕೆ. ಕಣದಲ್ಲಿ ಎತ್ತಿಗೆ ಕಟ್ಟುವ ಕುಕ್ಕೆ ಗೊತ್ತಿದ್ದವರಿಗೆ ಇದು ಹೊಸದಲ್ಲ. ನಾಯಿ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥ ಬುಟ್ಟಿಯಾಕಾರದ ಕುಕ್ಕೆ ಬೇಕು. ಅದರೊಳಗೆ ತಿಂಡಿಯಿಟ್ಟು, ನಾಯಿ ತಾನೇ ಮೂತಿ ಹಾಕುವಂತೆ ಕೆಲವು ದಿನ ರೂಢಿ ಮಾಡಿಸಿ ಆಮೇಲೆ ಕಟ್ಟಬೇಕು. ಹಗ್ಗದಲ್ಲಿ ಬಾಯಿ ಬಿಗಿಯಬಾರದು. ನಾಯಿಗೆ ಮೈಯೆಲ್ಲ ಬೆವರಿ ತಣಿಯುವ ಅನುಕೂಲವಿಲ್ಲ; ಏದುಸಿರೇ ಅದರ ಮುಖ್ಯ ತಣಿವು.

ಮೂರನೆಯದು ಅಭ್ಯಾಸ. ನಾಯಿಯನ್ನು ಗಟ್ಟಿ ಪಟ್ಟಿ ಹಾಕಿ ಮನೆಯ ದೊಡ್ಡವರೊಬ್ಬರು ಹಿಡಿದಿರಬೇಕು. ಪರಿಚಯವಿಲ್ಲದ, ಆದರೆ ಹೇಳಿದ ಮಾತು ಕೇಳುವ ಒಬ್ಬರು ದೂರದಲ್ಲಿ ಕಾಣಿಸಿಕೊಳ್ಳಬೇಕು. ಎಷ್ಟು ದೂರ? ನಾಯಿ ಅವರನ್ನು ನೋಡಬೇಕು, ಆದರೆ ಬೊಗಳಬಾರದು, ಅಷ್ಟು ದೂರ. ಐವತ್ತು ಹೆಜ್ಜೆಯಾದರೆ ಐವತ್ತು, ನೂರಾದರೆ ನೂರು. ಅವರು ಕಂಡ ಕೂಡಲೇ ನಾಯಿಗೆ ಬೇಯಿಸಿದ ಮೊಟ್ಟೆಯ ಅಥವಾ ಕೋಳಿಯ ಚೂರು. ಸಸ್ಯಾಹಾರದ ಮನೆಯಾದರೆ ಪನೀರ್. ಅವರು ಮರದ ಮರೆಗೆ ಹೋದ ಕೂಡಲೇ ತಿಂಡಿಯೂ ನಿಲ್ಲಬೇಕು. ಮೊದಲು ಮನುಷ್ಯ, ಆಮೇಲೆ ತಿಂಡಿ; ಪಾವ್ಲೋವ್ ಅವರ ಪ್ರಯೋಗದಲ್ಲಿ ಮೊದಲು ಸದ್ದು, ಆಮೇಲೆ ಊಟ ಇದ್ದಂತೆ. ಈ ಕ್ರಮ ಹಿಂದುಮುಂದಾದರೆ ತಿಂಡಿ ಕಂಡಾಗಲೇ ನಾಯಿ 'ಯಾರೋ ಬಂದರು' ಎಂದು ಬೆದರಲು ಕಲಿಯುತ್ತದೆ.

ಒಮ್ಮೆಗೆ ಐದು ನಿಮಿಷ, ದಿನಕ್ಕೆ ಎರಡು ಸಲ ಸಾಕು. ನಾಯಿ ಮನುಷ್ಯನನ್ನು ಕಂಡು ತಿಂಡಿಗಾಗಿ ತನ್ನವರ ಮುಖ ನೋಡತೊಡಗಿದರೆ ಪಾಠ ಹತ್ತಿದೆ ಎಂದರ್ಥ. ಆಗ ನಾಲ್ಕು ಹೆಜ್ಜೆ ಹತ್ತಿರ. ಬೊಗಳಿದರೆ ಬೈಯುವುದು ಬೇಡ. ಮತ್ತೆ ಹಿಂದಿನ ದೂರಕ್ಕೆ ಹೋದರಾಯಿತು. ಲೆಕ್ಕ ತಪ್ಪಿದ ಹುಡುಗನಿಗೆ ಹಿಂದಿನ ಅಧ್ಯಾಯ ಮತ್ತೆ ಮಾಡಿಸಿದಂತೆ. ಅಪರಿಚಿತರು ತಾವಾಗಿ ಕೈಯಲ್ಲಿ ತಿಂಡಿ ಹಿಡಿದು ಹತ್ತಿರ ಬರಬಾರದು. ಆಸೆಗೆ ಮುಂದೆ ಬಂದ ನಾಯಿ ತಿಂದು ಮುಗಿಸಿದ ಕ್ಷಣ ತಾನೆಲ್ಲಿದ್ದೇನೆಂದು ಬೆದರಿ ಕಚ್ಚಬಹುದು. ಒಬ್ಬರಿಗೆ ಒಗ್ಗಿದ ಮೇಲೆ ಇನ್ನೊಬ್ಬರು, ಹೆಂಗಸರು, ಟೋಪಿಯವರು, ಕೊನೆಗೆ ಉದ್ದ ಗಳ ಹಿಡಿದ ಕಾಯಿ ಕೀಳುವವರು. ಮಕ್ಕಳನ್ನು ಈ ಪ್ರಯೋಗಕ್ಕೆ ಬಳಸಲೇಬಾರದು.

ಇದಕ್ಕೆ ವಾರಗಳಲ್ಲ, ತಿಂಗಳುಗಳು ಹಿಡಿಯಬಹುದು. ಒಮ್ಮೆ ಕಚ್ಚಿದ ನಾಯಿ ಪೂರ್ತಿ ಗುಣವಾಯಿತೆಂದು ನಂಬಿ ಪಟ್ಟಿ ಬಿಚ್ಚುವುದು ಸರಿಯಲ್ಲ. ಸಕ್ಕರೆ ಕಾಯಿಲೆಯ ಹಾಗೆ ಇದನ್ನು ಹತೋಟಿಯಲ್ಲಿಡಬಹುದು, ಎಚ್ಚರ ಸದಾ ಬೇಕು.

'ಹೀಗೆ ಸಾಧು ಮಾಡಿಬಿಟ್ಟರೆ ತೋಟ ಕಾಯುವವರು ಯಾರು?' ಎಂಬ ಪ್ರಶ್ನೆ ಹಿರಿಯರಿಂದ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಕಾವಲಿಗೆ ಬೇಕಾದದ್ದು ಸದ್ದು, ಗಾಯವಲ್ಲ. ಎರಡು ಮೂರು ಸಲ ಬೊಗಳಿ, ಕರೆದಾಗ ಬಂದು ಪಕ್ಕದಲ್ಲಿ ನಿಲ್ಲುವ ನಾಯಿ ಉತ್ತಮ ಕಾವಲುಗಾರ. ಎಲ್ಲರಿಗೂ ಸದಾ ಬೊಗಳುವ ನಾಯಿಯ ಕೂಗಿಗೆ ಕಳ್ಳ ಬಂದ ರಾತ್ರಿಯೂ ಯಾರೂ ಏಳುವುದಿಲ್ಲ.

ಯಾರನ್ನು ಕೇಳಬೇಕು?

ಮೊದಲು ತಾಲ್ಲೂಕಿನ ಪಶು ಆಸ್ಪತ್ರೆ. ನೋವು, ಹುಳು, ಕಿವಿ, ಕಣ್ಣು ಪರೀಕ್ಷೆಯಾಗಲಿ. ಸಮಸ್ಯೆ ದೊಡ್ಡದಾದರೆ ಹಾಸನದ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ತೋರಿಸಬಹುದು. ತೀರ ಬೆದರುವ ನಾಯಿಗೆ ತರಬೇತಿಯ ಜೊತೆಗೆ ಔಷಧಿಯನ್ನೂ ವೈದ್ಯರು ಕೊಡಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅಲೆದಾಟ, ಹೆಣ್ಣು ನಾಯಿಗಾಗಿ ನಡೆಯುವ ಕಾದಾಟ ಕಡಿಮೆಯಾಗುತ್ತವೆ. ಆದರೆ ಭಯದಿಂದ ಬಂದ ಕೋಪ ಅದರಿಂದಲೇ ಹೋಗುತ್ತದೆಂದು ಎಣಿಸಬಾರದು.

ಆಮೇಲೆ ತರಬೇತುದಾರರು. ಬೋರ್ಡು ಹಾಕಿಕೊಂಡವರೆಲ್ಲ ಬಲ್ಲವರಲ್ಲ. ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಒಂದು, ನಾಯಿ ಸರಿಯಾಗಿ ನಡೆದುಕೊಂಡಾಗ ಏನು ಕೊಡುತ್ತೀರಿ, ತಪ್ಪಿದಾಗ ಏನು ಮಾಡುತ್ತೀರಿ? ಕರೆಂಟ್ ಪಟ್ಟಿ, ಮುಳ್ಳಿನ ಪಟ್ಟಿ, ನೇತುಹಾಕುವುದು ಎಂಬ ಮಾತು ಬಂದರೆ ಕೈಮುಗಿದು ಎದ್ದು ಬರಬೇಕು. ಎರಡು, ಪಾಠ ನಮ್ಮ ಮುಂದೆ ನಡೆಯುತ್ತದೆಯೆ? ತಿಂಗಳು ಒಯ್ದಿಟ್ಟುಕೊಂಡು ತಿದ್ದಿ ಕೊಡುತ್ತೇನೆ ಎನ್ನುವವರಲ್ಲಿ ನಾಯಿ ಅವರ ಮಾತು ಕೇಳಲು ಕಲಿಯಬಹುದು. ಮನೆಯ ಗೇಟಿನ ಬಳಿಗೆ ಬಂದ ಕೂಡಲೇ ಹಳೆಯ ಪಾಠ ನೆನಪಾಗುತ್ತದೆ. ಕಲಿಯಬೇಕಾದವರು ಮನೆಯವರೂ ಹೌದು. ಮೂರು, ಇಂಥ ಕಚ್ಚುವ ನಾಯಿಗಳನ್ನು ಹಿಂದೆ ನೋಡಿದ್ದೀರಾ? 'ಕೂರು, ನಿಲ್ಲು' ಕಲಿಸುವುದೇ ಬೇರೆ, ಭಯ ತೆಗೆಯುವುದೇ ಬೇರೆ. ನಾಲ್ಕು, ಖಂಡಿತ ಗುಣವಾಗುತ್ತದೆಯೆ? 'ಗ್ಯಾರಂಟಿ' ಎಂದವರನ್ನು ನಂಬಬಾರದು. ಒಳ್ಳೆಯ ವೈದ್ಯರ ಹಾಗೆ ಒಳ್ಳೆಯ ತರಬೇತುದಾರರೂ ಆಣೆ ಮಾಡುವುದಿಲ್ಲ.

ತಳಿಯನ್ನು ದೂರುವುದೂ ಈಚೆಗೆ ಹೆಚ್ಚಾಗಿದೆ. ೨೦೨೪ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಮೂರು ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರನ್ನು ವಿಚಾರಿಸದೆ ಹೊರಡಿಸಲಾಗಿದೆ ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲಿನಲ್ಲಿ ಅದನ್ನು ರದ್ದುಮಾಡಿತು. ೨೦೨೨ರಲ್ಲಿ ಅಮೆರಿಕದ ವಿಜ್ಞಾನಿಗಳು ೧೮ ಸಾವಿರಕ್ಕೂ ಹೆಚ್ಚು ನಾಯಿಗಳ ವಿವರ ಕಲೆಹಾಕಿ ನೋಡಿದಾಗ, ನಾಯಿ ನಾಯಿಗಳ ನಡುವಣ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ನೂರಕ್ಕೆ ಒಂಬತ್ತರಷ್ಟು ಮಾತ್ರ ಎಂದು ಕಂಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ನಿಜ. ಕಚ್ಚುತ್ತದೋ ಇಲ್ಲವೋ ಎಂಬುದನ್ನು ಹೇಳಲು ಅದರ ಜಾತಿ ಸಾಲದು, ಅದು ಬೆಳೆದ ರೀತಿಯನ್ನೂ ಕೇಳಬೇಕು.

ಕಚ್ಚಿಯೇ ಬಿಟ್ಟರೆ

ತರಬೇತಿ ನಡೆದಿದೆಯೆಂದು ಚುಚ್ಚುಮದ್ದು ಮರೆಯುವಂತಿಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿವರ್ಷ. ಮನುಷ್ಯರಿಗೆ ರೇಬೀಸ್ ತಗಲಿದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತರವರೆಗೆ ನಾಯಿಯಿಂದಲೇ ಬಂದವೆಂದೂ, ಶಂಕಿತ ಪ್ರಾಣಿ ಕಚ್ಚಿದವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ರೇಬೀಸ್ ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನ ಅಂಶವಿದೆ. ಎಣ್ಣೆಜಿಡ್ಡನ್ನು ಕರಗಿಸುವ ಸೋಪು ಆ ಕವಚವನ್ನೂ ಒಡೆಯುತ್ತದೆ. ಸುಣ್ಣ, ಅರಿಶಿನ, ಮೆಣಸಿನಪುಡಿ, ಕೊಬ್ಬರಿ ಎಣ್ಣೆ ಯಾವುದನ್ನೂ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದ ದಿನಗಳಂದು ತಪ್ಪದೆ ಎಲ್ಲ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಕೊಡುವ ಇನ್ನೊಂದು ಮದ್ದೂ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಗಮನಿಸಬೇಕು. ಆದರೆ ಆ ಹತ್ತು ದಿನ ಕಾದು ಆಮೇಲೆ ಆಸ್ಪತ್ರೆಗೆ ಹೋಗುತ್ತೇನೆ ಎನ್ನಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ೧೮೮೫ರ ಜುಲೈ ೬ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲೂಯಿ ಪಾಸ್ಚರ್ ಅವರ ಲಸಿಕೆ ಕೊಡಿಸಿದ್ದು ಲಕ್ಷಣ ಕಾಣಿಸುವ ಮೊದಲು. ಆದ್ದರಿಂದಲೇ ಆ ಹುಡುಗ ಉಳಿದ.

ಹೊಣೆಯ ಮಾತೂ ಇದೆ. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯರಿಗೆ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. 'ನಮ್ಮ ನಾಯಿ ಏನೂ ಮಾಡಲ್ಲ, ಬನ್ನಿ' ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ವಿದ್ಯಾರ್ಥಿಗಳಿಗೊಂದು ಕೆಲಸ

ಮನೆಯಲ್ಲಿ ಬೊಗಳುವ ನಾಯಿಯಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಐದು ಕಲಮು ಎಳೆಯಿರಿ. ಸಮಯ, ಬಂದವರು ಯಾರು, ಎಷ್ಟು ಹೆಜ್ಜೆ ದೂರದಲ್ಲಿದ್ದಾಗ ನಾಯಿ ಬೊಗಳತೊಡಗಿತು, ಅದಕ್ಕೆ ಮೊದಲು ಅದರ ಕಿವಿ, ಬಾಲ, ಬಾಯಿ ಹೇಗಿದ್ದವು, ಬೊಗಳಿದ ಮೇಲೆ ಏನಾಯಿತು. ಎರಡು ವಾರ ಕಿಟಕಿಯ ಒಳಗಿನಿಂದಲೇ ನೋಡಿ ಬರೆಯಿರಿ. ನಾಯಿ ಎಲ್ಲರಿಗೂ ಒಂದೇ ದೂರದಲ್ಲಿ ಬೊಗಳುತ್ತದೆಯೇ ಅಥವಾ ಕೆಲವರಿಗೆ ಮಾತ್ರ ಬೇಗ ಬೊಗಳುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಪಶುವೈದ್ಯರಾಗಲಿ, ತರಬೇತುದಾರರಾಗಲಿ ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಆ ಪುಟಗಳಲ್ಲೇ ಇರುತ್ತದೆ. ಹೊಡೆಯಬೇಕೆಂದು ಕೈಯೆತ್ತಿದ ದೊಡ್ಡವರ ಮುಂದೆ ಆ ಪುಸ್ತಕವನ್ನು ತೆರೆದಿಡಿ.